ಕಾಲಿನ ಲೆಕ್ಕಕ್ಕೆ 54 ಆಗುತ್ತೆ ಅಂತಾರೆ, ಕೈಗೆ ಹ್ಯಾಂಡಲ್ ದೂರ: ಯಾವ ಸೈಜಿನ ಫ್ರೇಮ್ ತಗೊಳ್ಳಲಿ?

ಮೈಸೂರು ಸವಾರ:

ಎಲ್ಲರಿಗೂ ನಮಸ್ಕಾರ. ನನ್ನ ಎತ್ತರ 165 ಸೆಂ.ಮೀ. ಆರು ವರ್ಷದಿಂದ ಗೇರ್ ಇಲ್ಲದ ಸೈಕಲ್‌ನಲ್ಲೇ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಈಗ ಭಾನುವಾರ ಚಾಮುಂಡಿ ಬೆಟ್ಟ ಹತ್ತಬೇಕು, ನಂಜನಗೂಡಿನ ಕಡೆ ಹೋಗಿ ಬರಬೇಕು ಅಂತ ಆಸೆ. ಹೊಸ ರೋಡ್ ಬೈಕ್ ಕೊಳ್ಳುವಷ್ಟು ದುಡ್ಡಿಲ್ಲ. ಪರಿಚಯದವರೊಬ್ಬರು ತಮ್ಮ ಹಳೆಯದನ್ನು 18,000 ರೂಪಾಯಿಗೆ ಕೊಡುತ್ತೇನೆ ಅಂದಿದ್ದಾರೆ. ಅಲ್ಯೂಮಿನಿಯಂ ಫ್ರೇಮ್, ಸೈಜ್ 54 (ಸೆಂ.ಮೀ. ಲೆಕ್ಕ). ತುಂಬ ಚೆನ್ನಾಗಿ ಇಟ್ಟುಕೊಂಡಿದ್ದಾರೆ.

ಬಾರಿನ ಎರಡೂ ಕಡೆ ಕಾಲಿಟ್ಟು ನಿಂತೆ. ಎಲ್ಲೂ ತಾಗಲಿಲ್ಲ. "ಹಾಗಾದರೆ ಸೈಜ್ ಸರಿಯಾಯ್ತು, ಸೀಟ್ ಸ್ವಲ್ಪ ಇಳಿಸಿಕೊಂಡರೆ ಸಾಕು" ಅಂದರು. ಎರಡು ಕಿಲೋಮೀಟರ್ ಓಡಿಸಿದೆ. ಕಾಲಿಗೇನೂ ತೊಂದರೆ ಇಲ್ಲ. ಆದರೆ ಹ್ಯಾಂಡಲ್ ಹಿಡಿದರೆ ಮೊಣಕೈ ಪೂರ್ತಿ ನೀಳವಾಗಿ ನಿಲ್ಲುತ್ತದೆ. ಭುಜ, ಕುತ್ತಿಗೆ ಬಿಗಿಯಾಯಿತು. ಬ್ರೇಕ್ ಹಿಡಿಯೋಕೆ ಮುಂದಕ್ಕೆ ಜಾರಬೇಕು. ಇದು ಅಭ್ಯಾಸ ಇಲ್ಲದ್ದಕ್ಕಾ, ಇಲ್ಲ ಸೈಜೇ ತಪ್ಪಾ? ಶನಿವಾರದೊಳಗೆ ಹೇಳಬೇಕು.

ಮಲೆನಾಡ ದಾರಿ:

ತಮ್ಮಾ, ಮೊದಲು ಒಳಕಾಲಿನ ಅಳತೆ ತೆಗೆದುಕೊಳ್ಳಿ. ಎತ್ತರ ಒಂದನ್ನೇ ನೋಡಿ ಏನೂ ಹೇಳೋಕಾಗಲ್ಲ. ನನ್ನ ಮತ್ತು ನನ್ನ ತಂಗಿಯ ಎತ್ತರ ಒಂದೇ, 160. ಅವಳ ಕಾಲು ನನಗಿಂತ 4 ಸೆಂ.ಮೀ. ಉದ್ದ. ಒಬ್ಬರ ಸೈಕಲ್ ಇನ್ನೊಬ್ಬರಿಗೆ ಆಗೋದಿಲ್ಲ.

ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಎರಡು ಪಾದದ ನಡುವೆ ಒಂದು ಗೇಣಿಗಿಂತ ಕಮ್ಮಿ ಜಾಗ ಇರಲಿ. ಗಟ್ಟಿ ರಟ್ಟಿನ ಪುಸ್ತಕವನ್ನು ಕಾಲ ಸಂದಿಯಲ್ಲಿಟ್ಟು, ಅದರ ಒಂದು ಅಂಚು ಗೋಡೆಗೆ ತಾಗಿರುವಂತೆ ಮೇಲಕ್ಕೆ ಎಳೆಯಿರಿ. ಸೀಟಿನ ಮೇಲೆ ಕೂತಾಗ ಎಷ್ಟು ಒತ್ತುತ್ತದೋ ಅಷ್ಟು ಒತ್ತಬೇಕು, ಸಂಕೋಚ ಬೇಡ. ಪುಸ್ತಕದ ಮೇಲಂಚಿಗೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ, ನೆಲದಿಂದ ಅಳೆಯಿರಿ. ಮೂರು ಸಲ ಮಾಡಿ. ಪ್ಯಾಂಟಿನ ಲೇಬಲ್‌ನಲ್ಲಿರುವ ನಂಬರ್ ಬರೆಯಬೇಡಿ, ಅದು ಸಾಮಾನ್ಯವಾಗಿ ಕಮ್ಮಿ ಇರುತ್ತದೆ.

ಆ ಸೈಕಲ್‌ನ ಕಂಪನಿ ಪಟ್ಟಿ ಸಿಕ್ಕರೆ ಅದರಲ್ಲಿ ಟಾಪ್ ಟ್ಯೂಬ್ (ಮೇಲಿನ ಬಾರು), ರೀಚ್ (ಫ್ರೇಮ್ ಮುಂದಕ್ಕೆ ಚಾಚಿದ ದೂರ), ಸ್ಟಾಕ್ (ಫ್ರೇಮಿನ ಮುಂಭಾಗದ ಎತ್ತರ) ಎಷ್ಟು ಅಂತ ನೋಡಿ ಹಾಕಿ. ಹ್ಯಾಂಡಲನ್ನು ಫ್ರೇಮಿಗೆ ಸೇರಿಸುವ ತುಂಡು, ಅಂದರೆ ಸ್ಟೆಮ್, ಎಷ್ಟು ಉದ್ದ ಅನ್ನೋದೂ ಬೇಕು.

ಲೆಕ್ಕದ ಮೇಷ್ಟ್ರು:

ಅಳತೆ ಬಂದರೆ ಅರ್ಧ ಕೆಲಸ ಆದಂತೆ. ಒಳಕಾಲಿನ ಅಳತೆಯನ್ನು 0.883ರಿಂದ ಗುಣಿಸಿ. ಎರಡೂ ಪೆಡಲ್ ಕಡ್ಡಿಗಳು (ಕ್ರ್ಯಾಂಕ್) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರ ಸಿಗುತ್ತದೆ. ಫ್ರೇಮ್ ಸೈಜಿಗೆ 0.67ರಿಂದ ಗುಣಿಸಿ. ಟೂರ್ ಡಿ ಫ್ರಾನ್ಸ್ ಅನ್ನು 1986, 1989, 1990ರಲ್ಲಿ ಗೆದ್ದ ಗ್ರೆಗ್ ಲೆಮಾಂಡ್ ಮತ್ತು ಅವರ ಕೋಚ್ ಸಿರಿಲ್ ಗಿಮಾರ್ ಹೆಸರಿನ ಜೊತೆ ಬಂದ ಲೆಕ್ಕ ಇದು. ಇವತ್ತಿಗೂ ಆರಂಭಕ್ಕೆ ಒಳ್ಳೆಯದು.

ಮೈಸೂರು ಸವಾರ:

ಅಕ್ಕ ಹೇಳಿದ ಹಾಗೆ ಮೂರು ಸಲ ಅಳೆದೆ. 78, 77.5, 78. ಪ್ಯಾಂಟಿನಲ್ಲಿ 74 ಇತ್ತು! ಮೇಷ್ಟ್ರ ಲೆಕ್ಕಕ್ಕೆ ಸೀಟಿನ ಎತ್ತರ 68.9, ಫ್ರೇಮ್ 52.3 ಬಂತು. 54 ಅದಕ್ಕೆ ಹತ್ತಿರವೇ ಅಲ್ವಾ?

ಕಂಪನಿ ಪಟ್ಟಿಯಲ್ಲಿ ಈ 54ಕ್ಕೆ ಟಾಪ್ ಟ್ಯೂಬ್ 55.5 ಸೆಂ.ಮೀ., ರೀಚ್ 386 ಮಿ.ಮೀ. ಅಂತಿದೆ. ಸ್ಟೆಮ್ ಮೇಲೆ 100 ಅಂತ ಬರೆದಿದೆ.

ಅಂಗಡಿ ಕಟ್ಟೆ:

ಹುಬ್ಬಳ್ಳಿಯಿಂದ ಬರೀತಿದ್ದೇನೆ. ಸೈಕಲ್ ರಿಪೇರಿ ಅಂಗಡಿ ಇಟ್ಟು 23 ವರ್ಷ ಆಯಿತು. ಮೇಷ್ಟ್ರ ಲೆಕ್ಕ ತಪ್ಪಲ್ಲ, ಆದರೆ ಅದು ಕಾಲನ್ನು ಮಾತ್ರ ಅಳೆಯುತ್ತದೆ. ತಮ್ಮಾ, ನಿಮ್ಮ ತೊಂದರೆ ಕಾಲಿನದ್ದಲ್ಲ.

ನಿಮಗೆ 165 ಎತ್ತರಕ್ಕೆ 78 ಕಾಲು. ಅಂದರೆ ಕಾಲು ಸ್ವಲ್ಪ ಉದ್ದ, ಸೊಂಟದಿಂದ ಮೇಲೆ ಸ್ವಲ್ಪ ಗಿಡ್ಡ. ಇಂಥವರಿಗೇ ಈ ಲೆಕ್ಕ ದೊಡ್ಡ ಫ್ರೇಮ್ ತೋರಿಸುತ್ತದೆ. ಕಾಲಿನ ಲೆಕ್ಕ ಸರಿಮಾಡೋದು ಸುಲಭ. ಸೀಟ್ ಪಿಲ್ಲರ್ ಇದೆ, ಮೇಲೆ ಕೆಳಗೆ ಮಾಡಬಹುದು. ಫ್ರೇಮಿನ ಉದ್ದವನ್ನು ಯಾರೂ ಕತ್ತರಿಸೋಕಾಗಲ್ಲ. ದರ್ಜಿ ಹತ್ತಿರ ಹೋದರೆ ಪ್ಯಾಂಟಿನ ಕಾಲು ಮಡಿಸಿ ಹೊಲಿದು ಕೊಡ್ತಾನೆ. ಅಂಗಿಯ ಭುಜ ದೊಡ್ಡದಾದರೆ "ಬಿಚ್ಚಿ ಹೊಸದಾಗಿ ಹೊಲಿಬೇಕು ರೀ" ಅಂತಾನೆ. ಸೈಕಲ್‌ನಲ್ಲಿ ಬಾರಿನ ಉದ್ದ ಅಂದರೆ ಅಂಗಿಯ ಭುಜ ಇದ್ದ ಹಾಗೆ.

ಇನ್ನೊಂದು ವಿಷಯ. 54 ಅನ್ನೋದು ಈಗ ಬರೀ ಹೆಸರು. ಹಿಂದೆ ಬಾರು ನೆಲಕ್ಕೆ ಸಮನಾಗಿ ಇರುತ್ತಿತ್ತು. ಸೀಟ್ ಕೆಳಗಿನ ಪೈಪಿನ ಉದ್ದ ಅಳೆದರೆ ಸೈಜ್ ಗೊತ್ತಾಗುತ್ತಿತ್ತು. 1990ರ ದಶಕದ ಕೊನೆಗೆ ಜೈಂಟ್ ಕಂಪನಿ ಟಿಸಿಆರ್ ಅನ್ನೋ ಇಳಿಜಾರು ಬಾರಿನ ರೋಡ್ ಬೈಕ್ ತಂತು. ಆಮೇಲೆ ಬಹಳ ಕಂಪನಿಗಳು ಅದೇ ದಾರಿ ಹಿಡಿದವು. ಈಗ 54 ಅಂತ ಬರೆದ ಸೈಕಲ್‌ನ ಆ ಪೈಪ್ ಅಳೆದರೆ 50 ಸಿಗಬಹುದು. ಬಾರು ಇಳಿಜಾರಾಗಿದ್ದರೆ ಗಿಡ್ಡ ಇರುವವರೂ ಆರಾಮಾಗಿ ನಿಲ್ಲುತ್ತಾರೆ. ಕಾಲ ಸಂದಿಗೆ ತಾಗಲಿಲ್ಲ ಅಂದಾಕ್ಷಣ ಸೈಜ್ ಸರಿ ಅಂತ ಅರ್ಥ ಅಲ್ಲ. ನಿಂತಾಗ ಪೆಟ್ಟಾಗಲ್ಲ ಅಂತ ಅಷ್ಟೇ ಅರ್ಥ.

ಲೆಕ್ಕದ ಮೇಷ್ಟ್ರು:

ಅಂಗಡಿಯವರು ಹೇಳಿದ್ದು ಒಪ್ಪುತ್ತೇನೆ. 0.67 ಹುಟ್ಟಿದ್ದೇ ನೇರ ಬಾರಿನ ಕಾಲದಲ್ಲಿ, ಅದನ್ನು ಹೇಳದೆ ಬಿಟ್ಟದ್ದು ನನ್ನ ತಪ್ಪು. ಆದರೆ ಒಂದು ಪ್ರಶ್ನೆ. ಸ್ಟೆಮ್ 100 ಇದೆ. 70ರದ್ದು ಹಾಕಿದರೆ ಹ್ಯಾಂಡಲ್ 3 ಸೆಂ.ಮೀ. ಹತ್ತಿರ ಬರುತ್ತದೆ. ಸೀಟನ್ನೂ ಒಂದು ಸೆಂ.ಮೀ. ಮುಂದೆ ತಂದರೆ ಸರಿಹೋಗಲ್ವಾ? 18,000ಕ್ಕೆ ಒಳ್ಳೆಯ ಸೈಕಲ್ ಬಿಡೋದು ಕಷ್ಟ.

ಅಂಗಡಿ ಕಟ್ಟೆ:

ಸೀಟನ್ನು ಹ್ಯಾಂಡಲ್ ದೂರ ಆಯಿತು ಅಂತ ಮುಂದೆ ತರಬಾರದು ಮೇಷ್ಟ್ರೇ. ಸೀಟ್ ಎಲ್ಲಿರಬೇಕು ಅನ್ನೋದನ್ನು ಪೆಡಲ್ ಹೇಳಬೇಕು. ನಾವು ಅಂಗಡಿಯಲ್ಲಿ ಹೀಗೆ ನೋಡ್ತೀವಿ. ಎರಡೂ ಪೆಡಲ್ ನೆಲಕ್ಕೆ ಸಮನಾಗಿ ನಿಲ್ಲಿಸಿ, ದಾರಕ್ಕೆ ಒಂದು ನಟ್ಟು ಕಟ್ಟಿ, ಮುಂದಿನ ಕಾಲಿನ ಮೊಣಕಾಲ ಚಿಪ್ಪಿನ ಕೆಳಗಿಂದ ಇಳಿಬಿಡೋದು. ದಾರ ಪೆಡಲ್‌ನ ನಡುವಿನ ಹತ್ತಿರ ಬಿದ್ದರೆ ಶುರುಮಾಡೋಕೆ ಒಳ್ಳೆ ಜಾಗ. ಇದೇ ವೇದವಾಕ್ಯ ಅಂತ ಹೇಳಲ್ಲ, ಕೆಲವರಿಗೆ ಒಂದೆರಡು ಸೆಂ.ಮೀ. ಹಿಂದೆ ಇದ್ದರೇ ಚೆಂದ. ಆದರೆ ಸೀಟನ್ನು ಪೂರ್ತಿ ಮುಂದೆ ತಳ್ಳಿ ಬೆಟ್ಟ ಹತ್ತಿದವರು ಮೊಣಕಾಲು ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದಾರೆ. ಮೈಭಾರ ಕೈ ಮೇಲೂ ಬೀಳುತ್ತದೆ.

ಸ್ಟೆಮ್ ಒಂದೆರಡು ಸೆಂ.ಮೀ. ಕಮ್ಮಿ ಮಾಡೋದು ಮಾಮೂಲು, ನಾನೇ ದಿನಾ ಮಾಡ್ತೀನಿ. ರೋಡ್ ಬೈಕಿಗೆ 70 ಹಾಕಿದರೆ ಹ್ಯಾಂಡಲ್ ಚುರುಕಾಗುತ್ತದೆ. ಬೆಟ್ಟದಿಂದ ಇಳಿಯುವಾಗ ಹೊಸಬರಿಗೆ ಕೈ ನಡುಗುತ್ತದೆ. ಎಲ್ಲಾ ಹೊಂದಾಣಿಕೆಯೂ ಕೊನೇ ಗೆರೆಗೆ ಬಂದು ನಿಂತಿದೆ ಅಂದರೆ ಆ ಫ್ರೇಮ್ ನಿಮ್ಮದಲ್ಲ.

ಮಲೆನಾಡ ದಾರಿ:

ನನ್ನ ಅನುಭವ ಹೇಳುತ್ತೇನೆ. ನನ್ನ ಮೊದಲ ರೋಡ್ ಬೈಕ್ ಎರಡು ಸೈಜ್ ದೊಡ್ಡದು. ಅಂಗಡಿಯಲ್ಲಿ ಅದೊಂದೇ ಇತ್ತು, "ಅಡ್ಜಸ್ಟ್ ಆಗುತ್ತೆ ಮೇಡಂ" ಅಂದರು. ನಂಬಿದೆ. 30 ಕಿಲೋಮೀಟರ್‌ವರೆಗೆ ಏನೂ ಗೊತ್ತಾಗುತ್ತಿರಲಿಲ್ಲ. 200 ಕಿ.ಮೀ. ಬ್ರೆವೆಗೆ (ಇಷ್ಟು ಸಮಯದೊಳಗೆ ಮುಗಿಸಬೇಕು ಅಂತ ಇರುವ ದೂರದ ಸವಾರಿ) ಹೋದೆ. ಅದಕ್ಕೆ ಹದಿಮೂರೂವರೆ ಗಂಟೆ ಸಮಯ ಇರುತ್ತದೆ. 120 ದಾಟುವಷ್ಟರಲ್ಲಿ ಕಿರುಬೆರಳು, ಉಂಗುರ ಬೆರಳು ಎರಡೂ ಮರಗಟ್ಟಿದವು. ಗೇರ್ ಬದಲಿಸೋಕೆ ಆಗಲಿಲ್ಲ. ತೀರ್ಥಹಳ್ಳಿ ರಸ್ತೆಯ ಬದಿಯಲ್ಲಿ ಕೂತು ಅತ್ತಿದ್ದೇನೆ. ನಾನು ದುರ್ಬಲಳು, ನನ್ನ ಕೈಲಿ ಆಗಲ್ಲ ಅಂದುಕೊಂಡು ಒಂದು ವರ್ಷ ಸೈಕಲ್ ಮುಟ್ಟಲಿಲ್ಲ. ಆಮೇಲೆ ಸ್ನೇಹಿತೆಯೊಬ್ಬಳ 48 ಸೈಜಿನ ಸೈಕಲ್ ಹತ್ತಿದೆ. ಹತ್ತು ನಿಮಿಷಕ್ಕೆ ಗೊತ್ತಾಯಿತು, ನನ್ನ ಮೈಯಲ್ಲಿ ಏನೂ ದೋಷ ಇರಲಿಲ್ಲ.

ಅದಕ್ಕೇ ಹೇಳ್ತಿದ್ದೇನೆ. ಎರಡು ಕಿಲೋಮೀಟರ್‌ಗೇ ನಿಮಗೆ ಭುಜ ಬಿಗಿಯಾಗಿದೆ. ಅದನ್ನು ಅಭ್ಯಾಸದ ಕೊರತೆ ಅಂತ ತಳ್ಳಿಹಾಕಬೇಡಿ.

ಹಳೇ ಬಾರು:

ನನಗೆ 66 ವರ್ಷ. ಈ ಚರ್ಚೆ ಓದಿ ಮನಸ್ಸು ಹಿಂದಕ್ಕೆ ಹೋಯಿತು. ನಮ್ಮ ಮನೆಯಲ್ಲಿ ಇದ್ದದ್ದು 22 ಇಂಚಿನ ಫ್ರೇಮಿನ, 28 ಇಂಚು ಚಕ್ರದ ದೊಡ್ಡ ಸೈಕಲ್. ಅಪ್ಪನಿಗೂ ಅದೇ, ಚಿಕ್ಕಪ್ಪನಿಗೂ ಅದೇ, ಹತ್ತು ವರ್ಷದ ನನಗೂ ಅದೇ. ಬಾರಿನ ಸಂದಿಯಲ್ಲಿ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತವನು ನಾನು. ಸೀಟಿನ ಮೇಲೆ ಕೂರೋಕೆ ಮೂರು ವರ್ಷ ಕಾದೆ. ಆಗ ಸೈಕಲ್‌ಗೆ ತಕ್ಕಂತೆ ಮನುಷ್ಯ ಬೆಳೆಯಬೇಕಿತ್ತು.

ಒಂದು ಅನುಮಾನ. ಆ ಸೈಕಲ್ ಎಲ್ಲರಿಗೂ ಹೇಗೆ ಆಗುತ್ತಿತ್ತು? ಅಪ್ಪ ಅದರಲ್ಲೇ ದಿನಕ್ಕೆ 20 ಮೈಲಿ ಓಡಾಡುತ್ತಿದ್ದರು. ಕುತ್ತಿಗೆ ನೋವು ಅಂದದ್ದು ಕೇಳಲಿಲ್ಲ.

ಅಂಗಡಿ ಕಟ್ಟೆ:

ಹಿರಿಯರೇ, ಒಳ್ಳೆ ಪ್ರಶ್ನೆ. ಆ ಸೈಕಲ್‌ನ ಹ್ಯಾಂಡಲ್ ನೆನಪು ಮಾಡಿಕೊಳ್ಳಿ. ಹಿಡಿ ಹಿಂದಕ್ಕೆ ಬಾಗಿ ಸವಾರನ ಹತ್ತಿರವೇ ಬರುತ್ತಿತ್ತು. ಹ್ಯಾಂಡಲ್ ಎತ್ತರವೂ ಇತ್ತು. ಬೆನ್ನು ನೆಟ್ಟಗೆ, ಭಾರವೆಲ್ಲ ಅಗಲ ಸ್ಪ್ರಿಂಗ್ ಸೀಟಿನ ಮೇಲೆ. ಕೈ ಮೇಲೆ ಭಾರವೇ ಇಲ್ಲ. ಹಾಗೆ ಕೂತಾಗ ಬಾರಿನ ಉದ್ದ ಎರಡು ಮೂರು ಸೆಂ.ಮೀ. ಹೆಚ್ಚುಕಮ್ಮಿ ಆದರೂ ಮೈ ಸಹಿಸಿಕೊಳ್ಳುತ್ತದೆ. ರೋಡ್ ಬೈಕಿನಲ್ಲಿ ಮುಂದಕ್ಕೆ ಬಾಗಿ ಕೂರುತ್ತೀವಿ, ಹಿಡಿಯೂ ಮುಂದಕ್ಕೇ ಚಾಚಿರುತ್ತದೆ. ಅಲ್ಲಿ ಒಂದು ಸೆಂ.ಮೀ. ಕೂಡ ಗೊತ್ತಾಗುತ್ತದೆ.

ಇಬ್ಬರು ಮಕ್ಕಳ ತಾಯಿ:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಮಗನಿಗೆ ಏಳು ವರ್ಷ. ಯೂನಿಫಾರ್ಮ್ ಹೊಲಿಸಿದ ಹಾಗೆ ಸೈಕಲ್ಲೂ ಸ್ವಲ್ಪ ದೊಡ್ಡದೇ ಇರಲಿ, 24 ಇಂಚಿನದು ತಗೊಂಡರೆ ನಾಲ್ಕು ವರ್ಷ ಬರುತ್ತೆ ಅಂತ ನಮ್ಮತ್ತೆ ಹೇಳ್ತಿದ್ದಾರೆ. ಸರೀನಾ?

ಮಲೆನಾಡ ದಾರಿ:

ಬೇಡಮ್ಮ. ಯೂನಿಫಾರ್ಮ್ ದೊಡ್ಡದಾದರೆ ಮಗು ಬೀಳಲ್ಲ. ಕಲಿಯುವ ಮಗುವಿಗೆ ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ತಾಗಬೇಕು. ಬ್ರೇಕ್ ಬೆರಳಿಗೆ ಸಿಗಬೇಕು. ಏಳು ವರ್ಷಕ್ಕೆ ಸಾಮಾನ್ಯವಾಗಿ 20 ಇಂಚಿನ ಚಕ್ರ ಆಗುತ್ತದೆ, ಆದರೂ ಮಗುವನ್ನು ಕರೆದುಕೊಂಡು ಹೋಗಿ ಕೂರಿಸಿಯೇ ತಗೊಳ್ಳಿ. ಬ್ರೇಕ್ ಲಿವರ್ ಬುಡದಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಲಿವರ್ ಹಿಡಿಗೆ ಹತ್ತಿರ ಬರುತ್ತದೆ. ಸಣ್ಣ ಕೈಯ ದೊಡ್ಡವರಿಗೂ ಇದು ಬೇಕು. ನನಗೆ ಇದು ಗೊತ್ತಾಗಿದ್ದೇ ನಾಲ್ಕು ವರ್ಷ ಆದಮೇಲೆ.

ಮೈಸೂರು ಸವಾರ:

ಎಲ್ಲರ ಮಾತು ಕೇಳಿ 54 ಬೇಡ ಅಂತ ಹೇಳಿಬಿಟ್ಟೆ. ಮಾರುವವರೂ ಬೇಜಾರು ಮಾಡಿಕೊಳ್ಳಲಿಲ್ಲ. ಸಹೋದ್ಯೋಗಿಯೊಬ್ಬರ ಹತ್ತಿರ ಬೇರೆ ಕಂಪನಿಯ 50 ಇದೆ, ಮಾರುತ್ತಾರಂತೆ. ಟಾಪ್ ಟ್ಯೂಬ್ 52.5, ರೀಚ್ 371, ಸ್ಟೆಮ್ 90. ನಿನ್ನೆ ಲಲಿತ ಮಹಲ್ ರಸ್ತೆಯಲ್ಲಿ 15 ಕಿ.ಮೀ. ಓಡಿಸಿದೆ. ಮೊಣಕೈ ತಾನಾಗೇ ಸ್ವಲ್ಪ ಮಡಿಚಿಕೊಂಡಿತ್ತು. ಬ್ರೇಕ್ ಕೈಗೆ ಸಿಗುತ್ತದೆ.

ಎರಡು ಅನುಮಾನ. ಸೀಟ್ ಪಿಲ್ಲರ್ ತುಂಬ ಮೇಲೆ ಎಳೆಯಬೇಕಾಯಿತು, ಇದರಿಂದ ಅಪಾಯ ಇದೆಯಾ? ಇನ್ನೊಂದು, ನಿಧಾನವಾಗಿ ತಿರುಗಿಸುವಾಗ ಶೂ ತುದಿ ಮುಂದಿನ ಚಕ್ರಕ್ಕೆ ತಾಗಿತು. ಫ್ರೇಮ್ ಸಣ್ಣದಾಯ್ತಾ?

ಲೆಕ್ಕದ ಮೇಷ್ಟ್ರು:

ಎರಡು ಸೈಕಲ್ ಹೋಲಿಸುವಾಗ ಟಾಪ್ ಟ್ಯೂಬ್‌ಗಿಂತ ರೀಚ್ ನೋಡೋದು ಒಳ್ಳೆಯದು. ಸಣ್ಣ ಫ್ರೇಮ್‌ಗಳಲ್ಲಿ ಸೀಟ್ ಪೈಪ್ ಹೆಚ್ಚು ನೆಟ್ಟಗೆ ಇರುತ್ತದೆ. ಹಾಗಾಗಿ ಟಾಪ್ ಟ್ಯೂಬ್ ಅಳತೆ ನೋಡಿದರೆ ಫ್ರೇಮ್ ಇರುವುದಕ್ಕಿಂತ ಗಿಡ್ಡ ಅನ್ನಿಸುತ್ತದೆ. ರೀಚ್ ಹಾಗಲ್ಲ, ಕ್ರ್ಯಾಂಕ್ ಅಚ್ಚಿನಿಂದ ಮುಂದಿನ ಪೈಪಿನ ಮೇಲ್ತುದಿಯವರೆಗಿನ ಅಡ್ಡ ದೂರ ಅದು. ನಿಮಗೆ ರೀಚ್‌ನಲ್ಲಿ 15, ಸ್ಟೆಮ್‌ನಲ್ಲಿ 10, ಒಟ್ಟು 25 ಮಿ.ಮೀ. ಹತ್ತಿರ ಬಂದಿದೆ. ಎರಡರ ಸ್ಟಾಕನ್ನೂ ನೋಡಿ. ಸ್ಟೆಮ್ ಕೆಳಗೆ 1 ಸೆಂ.ಮೀ. ಸ್ಪೇಸರ್ (ಬಳೆಯಂಥ ತುಂಡು) ಇದ್ದರೆ ಹ್ಯಾಂಡಲ್ ಅಷ್ಟು ಎತ್ತರ ಆಗುವುದರ ಜೊತೆ ಸುಮಾರು 3 ಮಿ.ಮೀ. ಹಿಂದಕ್ಕೂ ಬರುತ್ತದೆ, ಏಕೆಂದರೆ ಮುಂದಿನ ಪೈಪ್ ಹಿಂದಕ್ಕೆ ವಾಲಿರುತ್ತದೆ.

ಅಂಗಡಿ ಕಟ್ಟೆ:

ಸೀಟ್ ಪಿಲ್ಲರ್ ಮೇಲೆ ಒಂದು ಗೆರೆ ಇರುತ್ತದೆ, ಇಷ್ಟಾದರೂ ಒಳಗಿರಬೇಕು ಅಂತ. ಆ ಗೆರೆ ಹೊರಗೆ ಕಾಣಬಾರದು. ಕಂಡರೆ ಉದ್ದದ ಪಿಲ್ಲರ್ ಹಾಕಿಸಿ, ಇಲ್ಲದಿದ್ದರೆ ಫ್ರೇಮ್ ಅಲ್ಲೇ ಸೀಳಬಹುದು. ಕೊಳ್ಳುವಾಗ ಪಿಲ್ಲರ್‌ನ ದಪ್ಪ ನೋಡಿ ತಗೊಳ್ಳಿ. 27.2, 30.9, 31.6 ಅಂತ ಬೇರೆ ಬೇರೆ ಬರುತ್ತವೆ. ಹತ್ತಿರ ಇದೆ ಅಂತ ಹಾಕಿದರೆ ಆಗಲ್ಲ.

ಶೂ ತಾಗೋದು 700ಸಿ (ರೋಡ್ ಬೈಕಿನ ಮಾಮೂಲು ದೊಡ್ಡ) ಚಕ್ರ ಇರುವ ಸಣ್ಣ ಫ್ರೇಮ್‌ಗಳಲ್ಲಿ ಮಾಮೂಲು. ಓಡುವಾಗ ಹ್ಯಾಂಡಲ್ ಅಷ್ಟು ತಿರುಗಿಸಲ್ಲ, ವಾಲಿಸಿ ತಿರುಗ್ತೀವಿ. ಟ್ರಾಫಿಕ್ಕಿನಲ್ಲಿ ನಿಧಾನ ತಿರುಗುವಾಗ, ಗಲ್ಲಿಯಲ್ಲಿ ಯು ಟರ್ನ್ ಮಾಡುವಾಗ ಹೊರಗಡೆಯ ಪೆಡಲ್ (ಎಡಕ್ಕೆ ತಿರುಗಿದರೆ ಬಲಗಾಲಿನದು) ಹಿಂದೆ ಇಟ್ಟುಕೊಳ್ಳಿ. ಮೊದಲ ವಾರ ಖಾಲಿ ಮೈದಾನದಲ್ಲಿ ಇದನ್ನು ಅಭ್ಯಾಸ ಮಾಡಿ. ಅಸಡ್ಡೆ ಬೇಡ, ಇದರಿಂದ ಬಿದ್ದವರಿದ್ದಾರೆ.

ಮೈಸೂರು ಸವಾರ:

ಮೂರು ವಾರದ ನಂತರ ಬರೆಯುತ್ತಿದ್ದೇನೆ. 50 ತಗೊಂಡೆ. ಪಿಲ್ಲರ್ ಗೆರೆ ಒಳಗೇ ಇದೆ, ಇನ್ನೂ ಎರಡು ಸೆಂ.ಮೀ. ಬಾಕಿ.

ಸೀಟನ್ನು ಮೇಷ್ಟ್ರ ಲೆಕ್ಕದ 68.9ಕ್ಕೆ ಇಟ್ಟು ಶುರುಮಾಡಿದೆ. ಒಂದು ವಾರಕ್ಕೆ ಮೊಣಕಾಲಿನ ಹಿಂಭಾಗ ಎಳೆದ ಹಾಗೆ ಆಯಿತು. ತಂಗಿ ಹಿಂದಿನಿಂದ ಮೊಬೈಲ್‌ನಲ್ಲಿ ವಿಡಿಯೊ ಮಾಡಿದಳು. ಸೊಂಟ ಎಡಕ್ಕೂ ಬಲಕ್ಕೂ ವಾಲಾಡುತ್ತಿತ್ತು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ತುಳಿದು ನೋಡಿದೆ. ಪೆಡಲ್ ಕೆಳಗೆ ಹೋದಾಗ ಕಾಲು ನೇರ ಆಗಬೇಕಲ್ಲ, ನನಗೆ ಹಿಮ್ಮಡಿ ಬಿಟ್ಟೇ ಹೋಗುತ್ತಿತ್ತು. 3 ಮಿ.ಮೀ. 3 ಮಿ.ಮೀ. ಅಂತ ಇಳಿಸುತ್ತಾ ಬಂದು 68ಕ್ಕೆ ನಿಲ್ಲಿಸಿದೆ. ಎಳೆತ ಹೋಯಿತು. ಆದರೆ ಅಂಗೈಯೂ ನೋಯುತ್ತಿತ್ತು, ಅದು ಮಾತ್ರ ಹೋಗಲಿಲ್ಲ.

ಅಂಗಡಿ ಕಟ್ಟೆ:

ಹಿಂದೆ ನೋವು ಬಂದರೆ ಸೀಟ್ ಎತ್ತರ ಜಾಸ್ತಿ, ಚಿಪ್ಪಿನ ಮುಂದೆ ಬಂದರೆ ಸಾಮಾನ್ಯವಾಗಿ ಸೀಟ್ ಕೆಳಗಿದೆ ಅಂತ. ನೀವು ಮಾಡಿದ್ದು ಸರಿ. ಲೆಕ್ಕ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತದೆ, ಕೊನೆಯ ಒಂದು ಸೆಂ.ಮೀ. ನಿಮ್ಮ ಮೈಯೇ ಹೇಳಬೇಕು. ಅಂಗೈ ವಿಷಯಕ್ಕೆ, ಸೀಟಿನ ಮೇಲೆ ರಸಮಟ್ಟ ಇಟ್ಟು ನೋಡಿ. ಮೂತಿ ಕೆಳಗಾಗಿದ್ದರೆ ಮೈ ಜಾರಿ ಜಾರಿ ಕೈ ಮೇಲೆ ಬೀಳುತ್ತದೆ.

ಮೈಸೂರು ಸವಾರ:

ಪಕ್ಕದ ಮನೆಯ ಗಾರೆ ಕೆಲಸದ ಅಣ್ಣನ ಹತ್ತಿರ ರಸಮಟ್ಟ ಇಸ್ಕೊಂಡು ಬಂದೆ. ಮೂತಿ ಕೆಳಗೇ ಇತ್ತು, ಕಣ್ಣಿಗೆ ಗೊತ್ತಾಗುತ್ತಲೇ ಇರಲಿಲ್ಲ. ಅಲನ್ ಕೀ ಹಾಕಿ ಸಮ ಮಾಡಿದೆ. ಈ ಭಾನುವಾರ ಬೆಟ್ಟ ಹತ್ತಿ, ಇಳಿದು, ನಂಜನಗೂಡಿಗೆ ಹೋಗಿ ವಾಪಸ್ ಬಂದೆ. ಮನೆಗೆ ಬಂದು ಶರ್ಟಿನ ಗುಂಡಿ ಬಿಚ್ಚುವಾಗ ಬೆರಳು ಎಂದಿನಂತೆಯೇ ಇದ್ದವು. ಅಕ್ಕ ಹೇಳಿದ್ದು ನೆನಪಾಯಿತು.

ಪಿಲ್ಲರ್‌ಗೆ 68ರ ಜಾಗದಲ್ಲಿ ಬಿಳಿ ಟೇಪ್ ಸುತ್ತಿದ್ದೇನೆ. ಇನ್ನು ಯಾರಾದರೂ ಓಡಿಸೋಕೆ ಕೇಳಿ ಸೀಟ್ ಇಳಿಸಿದರೂ ಗೊತ್ತಾಗುತ್ತದೆ.

ಹಳೇ ಬಾರು:

ತುಂಬ ಸಂತೋಷ ಆಯಿತಪ್ಪ. ನಾನೂ ಇವತ್ತು ಮೊಮ್ಮಗಳನ್ನು ಗೋಡೆಗೆ ನಿಲ್ಲಿಸಿ ಪುಸ್ತಕ ಇಟ್ಟು ಅಳೆದೆ. 61 ಬಂತು. ನಾಳೆ ಅವಳನ್ನು ಕರೆದುಕೊಂಡೇ ಅಂಗಡಿಗೆ ಹೋಗ್ತೀನಿ.